ಸಾಗುವಳಿದಾರರ ಹೆಸರು ದಾಖಲೆಗೆ ಬರಲಿ



ನೀರಾವರಿ, ಬೀಜ, ಗೊಬ್ಬರದ ಬಗ್ಗೆ ಈ ರೈತ ಸಮ್ಮೇಳನದ ಇಂದಿನ ಗೋಷ್ಠಿಗಳಲ್ಲಿ ಬಲ್ಲವರು ಮಾತಾಡಲಿದ್ದಾರೆ. ನನಗೆ ಸಿಕ್ಕ ಹೊತ್ತನ್ನು ಒಂದೇ ವಿಷಯಕ್ಕೆ ಮೀಸಲಿಡುತ್ತೇನೆ. ಬೇರೆಯವರ ಹೊಲವನ್ನು ಲಾವಣಿಗೋ ಪಾಲಿಗೋ ಹಿಡಿದು ದುಡಿಯುವ ಕುಟುಂಬಗಳ ಕೈಗೆ ಸರ್ಕಾರದ ಕೃಷಿ ನೆರವು ಬಹುಮಟ್ಟಿಗೆ ತಲುಪುತ್ತಿಲ್ಲ. ಹಳ್ಳಿಯ ಬಡತನ ಬೀಡುಬಿಟ್ಟಿರುವುದು ಇಂಥ ಮನೆಗಳಲ್ಲೇ.

1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದ ನಾಡು ನಮ್ಮದು. ದೇವರಾಜ ಅರಸು ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಕರಾವಳಿ ಮತ್ತು ಮಲೆನಾಡಿನ ಸಾವಿರಾರು ಗೇಣಿದಾರರನ್ನು ಭೂಮಾಲೀಕರನ್ನಾಗಿ ಮಾಡಿತು. ಆ ಕಾನೂನಿಗೆ ನಾನು ತಲೆಬಾಗುತ್ತೇನೆ. ಅದೇ ಕಾನೂನು ಮುಂದೆ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು, ಅಷ್ಟೆ. ಯುಗಾದಿಯ ಹೊತ್ತಿಗೆ ಮಾತು ಮುಗಿಯುತ್ತದೆ, ಹಣ ಕೈ ಬದಲಾಗುತ್ತದೆ, ಒಂದು ಚೀಟಿಯೂ ಇರುವುದಿಲ್ಲ.

ಪಹಣಿಯನ್ನೇ ತೆಗೆದು ನೋಡಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ. ಸಾಗುವಳಿದಾರರ ಹೆಸರಿಗೆ ಅಲ್ಲಿ ಜಾಗವಿದೆ. ಆದರೂ ಲಾವಣಿ ಮಾಡಿದವರ ಹೆಸರು ಅಲ್ಲಿ ಕಾಣುವುದು ಅಪರೂಪ. ಒಮ್ಮೆ ಬರೆಸಿದರೆ ಜಮೀನೇ ಕೈತಪ್ಪೀತು ಎಂಬ ಭಯ ಮಾಲೀಕರದು. ಆ ಮಾಲೀಕರೂ ಅನೇಕ ಕಡೆ ಎರಡು ಎಕರೆಯ ವಿಧವೆಯೋ ಪಟ್ಟಣ ಸೇರಿದ ಶಿಕ್ಷಕರೋ ಆಗಿರುತ್ತಾರೆ. ಅವರ ಭಯವನ್ನು ತಳ್ಳಿಹಾಕುವಂತಿಲ್ಲ.

ಪರಿಣಾಮ ಕಾಣಬೇಕಾದರೆ ತೊಗರಿ ಖರೀದಿ ಕೇಂದ್ರಕ್ಕೆ ಬನ್ನಿ. 2025-26ನೇ ಸಾಲಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು. ಮಾಲು ತಂದವರನ್ನು ಮೊದಲು ಕೇಳುವುದೇ ಸರ್ಕಾರದ ರೈತ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನ ಸಂಖ್ಯೆ. ಅದು ಜಮೀನಿನ ದಾಖಲೆಗೆ ಹೆಣೆದುಕೊಂಡಿದೆ. ಮಾಲೀಕರು ಒಪ್ಪಿದರೆ ಅವರ ಹೆಸರಲ್ಲಿ ಮಾರಿ, ಅವರ ಖಾತೆಗೆ ಬಿದ್ದ ಹಣಕ್ಕೆ ಕಾಯಬೇಕು. ಒಪ್ಪದಿದ್ದರೆ ಚೀಲಗಳನ್ನು ಮತ್ತೆ ಟ್ರ್ಯಾಕ್ಟರಿಗೆ ಏರಿಸಿಕೊಂಡು ಅಡತಿ ಅಂಗಡಿಗೆ ಹೋಗಬೇಕು, ಬಿತ್ತನೆಗೆ ಸಾಲ ಕೊಟ್ಟ ಅದೇ ಅಂಗಡಿಗೆ. ಅಲ್ಲಿ ದರ ಕೇಳುವ ಬಾಯಿ ಎಲ್ಲಿಂದ ಬರಬೇಕು?

ಪಿಎಂ-ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ ಭೂಮಿ ಹೊಂದಿದವರಿಗೆ. ಅತಿವೃಷ್ಟಿಯ ಬೆಳೆ ಪರಿಹಾರವೂ ಪಹಣಿಯ ಹೆಸರಿಗೇ ಜಮೆ. ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿ ಗೇಣಿದಾರರಿಗೂ ಪಾಲುದಾರರಿಗೂ ವಿಮೆ ಉಂಟು ಎನ್ನುತ್ತದೆ, ಅದಕ್ಕೆ ಬೇಕಾದ ಕಾಗದವನ್ನು ನಮ್ಮ ಕಾನೂನು ಹುಟ್ಟಲು ಬಿಡುವುದಿಲ್ಲ. ಬೆಳೆ ಹೋದ ವರ್ಷ ಲಾವಣಿಯ ಹಣವೂ ಹೋಗಿ, ಆ ಕುಟುಂಬ ಗುಳೆ ಹೊರಡುತ್ತದೆ.

ಆಂಧ್ರಪ್ರದೇಶ 2011ರಲ್ಲಿ ಪರವಾನಗಿ ಪಡೆದ ಸಾಗುವಳಿದಾರರ ಕಾಯ್ದೆ ತಂದಿತು. 2019ರಲ್ಲಿ ಹನ್ನೊಂದು ತಿಂಗಳ ಒಪ್ಪಂದದ ಮೇಲೆ ಸಾಗುವಳಿದಾರರಿಗೆ ಕಾರ್ಡು ಕೊಡುವ ಹೊಸ ಕಾಯ್ದೆ ಮಾಡಿತು. ಆ ಕಾರ್ಡಿನಿಂದ ಭೂಮಿಯ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂದು ಅದರಲ್ಲೇ ಇದೆ. ಆದರೆ ಮಾಲೀಕರ ಸಹಿ ಬೇಕೆಂಬ ನಿಯಮ ಅಲ್ಲಿ ತೊಡಕಾಯಿತು. ನೀತಿ ಆಯೋಗ 2016ರಲ್ಲಿ ಮಾದರಿ ಗೇಣಿ ಕಾಯ್ದೆಯ ಕರಡು ಕೊಟ್ಟಿದೆ. ಅದನ್ನು ಇದ್ದಂತೆ ಎತ್ತಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ದೊಡ್ಡ ಕಂಪನಿಗಳು ಸಣ್ಣ ಹಿಡುವಳಿಗಳನ್ನು ಒಟ್ಟುಗೂಡಿಸಲು ಅದು ದಾರಿಯಾಗಬಾರದು.

ನಮ್ಮಲ್ಲಿ ಪ್ರತಿ ಹಂಗಾಮಿಗೆ ಸರ್ವೆ ನಂಬರಿನ ಬೆಳೆಯನ್ನು ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸುವ ಬೆಳೆ ಸಮೀಕ್ಷೆ ನಡೆಯುತ್ತಿದೆ. ಅದೇ ಸಮೀಕ್ಷೆಯಲ್ಲಿ ಬೆಳೆದವರ ಹೆಸರನ್ನೂ ಬರೆಯಲಿ. ಗ್ರಾಮಸಭೆಯಲ್ಲಿ ಓದಿ ಹೇಳಿ, ಅಕ್ಕಪಕ್ಕದ ಹೊಲದವರ ಸಾಕ್ಷಿ ಪಡೆಯಲಿ. ಆ ದಾಖಲೆ ಆ ಹಂಗಾಮಿಗೆ ಮಾತ್ರ, ಬೆಳೆ ಸಾಲ, ವಿಮೆ, ಪರಿಹಾರ, ಬೆಂಬಲ ಬೆಲೆಗೆ ಮಾತ್ರ ಸಲ್ಲಲಿ. ಒಡೆತನದ ವ್ಯಾಜ್ಯದಲ್ಲಿ ಸಾಕ್ಷ್ಯವಾಗದಂತೆ ಕಾಯ್ದೆಯಲ್ಲೇ ಬರೆಯಲಿ. ಗಂಡನ ಜೊತೆ ದುಡಿಯುವ ಹೆಂಡತಿಯ ಹೆಸರೂ ಜಂಟಿಯಾಗಿ ಅಲ್ಲಿರಬೇಕು.

ಈ ಕುರಿತ ನಿರ್ಣಯವನ್ನು ಮಧ್ಯಾಹ್ನದ ಅಧಿವೇಶನದಲ್ಲಿ ಮಂಡಿಸುತ್ತೇನೆ. ಮುಂದಿನ ಮುಂಗಾರು ಸಮೀಕ್ಷೆ ಶುರುವಾಗುವ ಮೊದಲೇ ಸರ್ಕಾರ ಆದೇಶ ಹೊರಡಿಸಬೇಕು ಎಂಬ ಗಡುವನ್ನೂ ಅದರಲ್ಲಿ ಸೇರಿಸಿದ್ದೇನೆ. ತಿದ್ದುಪಡಿಗಳಿದ್ದರೆ ಊಟದ ಬಿಡುವಿನೊಳಗೆ ಬರೆದು ಕೊಡಬೇಕೆಂದು ವಿನಂತಿ.