ಬಾಂಡ್ ಪೇಪರ್ ಮೇಲೆ ಸಹಿ ಹಾಕಿದ್ರೆ ಡೈವೋರ್ಸ್ ಆಗಲ್ಲ

ಮೊದಲೇ ಹೇಳಿಬಿಡ್ತೀನಿ, ನಾನು ಲಾಯರ್ ಅಲ್ಲ, ಬಿ.ಕಾಂ. ಓದಿದವಳು. ಆದ್ರೂ ಇವತ್ತು ವಿಚ್ಛೇದನದ ಕಾನೂನಿನ ಬಗ್ಗೆ ಮಾತಾಡ್ತಿದ್ದೀನಿ. ಕಾರಣ ನಮ್ಮ ಮನೆಯಲ್ಲೇ ಇದೆ. ಅಕ್ಕನ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ.

ನಮ್ಮ ದೊಡ್ಡಮ್ಮನ ಮಗಳು, ಭಾವ ಇಬ್ಬರೂ ಬೇರೆಯಾದಾಗ ಹಿರಿಯರು ಹಾಲ್‌ನಲ್ಲಿ ಕೂತು ಮಾತು ಮುಗಿಸಿದ್ರು. ಒಡವೆ ವಾಪಸ್ ಬಂತು. ಛಾಪಾ ಕಾಗದದ ಮೇಲೆ ‘ಇನ್ನು ನಮ್ಮಿಬ್ಬರಿಗೂ ಸಂಬಂಧವಿಲ್ಲ’ ಅಂತ ಟೈಪ್ ಮಾಡಿಸಿ, ಸಹಿ ಹಾಕಿಸಿ, ನೋಟರಿ ಸೀಲ್ ಒತ್ತಿಸಿದ್ರು. ನಾಲ್ಕು ವರ್ಷ ಆದ್ಮೇಲೆ ಅಕ್ಕನಿಗೆ ಒಳ್ಳೆ ಸಂಬಂಧ ಬಂತು. ಗಂಡಿನ ಕಡೆಯವರು ಕೋರ್ಟ್ ಆರ್ಡರ್ ಕೇಳಿದ್ರು. ನಾವು ಆ ಕಾಗದ ಹಿಡ್ಕೊಂಡು ವಕೀಲರ ಹತ್ರ ಹೋದ್ವಿ.

“ಇದು ಬರೀ ಕರಾರು ಪತ್ರ ಕಣಮ್ಮ. ಡಿಕ್ರಿ ಎಲ್ಲಿ?” ಅಂದ್ರು.

ಅಂದ್ರೆ ಕಾನೂನಿನ ಲೆಕ್ಕದಲ್ಲಿ ಅಕ್ಕ ಇನ್ನೂ ಭಾವನ ಹೆಂಡತಿ. ಹಾಗೇ ಇನ್ನೊಂದು ಮದುವೆಯಾಗಿದ್ರೆ ಅದು ಅಸಿಂಧು, ಜೊತೆಗೆ 7 ವರ್ಷದವರೆಗೆ ಶಿಕ್ಷೆ ಆಗಬಹುದಾದ ಅಪರಾಧ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು ಕಾನೂನು ಮಾನ್ಯ ಮಾಡುತ್ತೆ ನಿಜ. ಆದ್ರೆ ಅಂಥ ರೂಢಿ ಇದೆ ಅಂತ ಸಾಬೀತು ಮಾಡಬೇಕು. ನಮ್ಮಲ್ಲಿ ಇರಲಿಲ್ಲ.

ನಾನೀಗ ಹೇಳ್ತಿರೋದು 1955ರ ಹಿಂದೂ ವಿವಾಹ ಕಾಯ್ದೆಯ ವಿಷಯ. ಮುಸ್ಲಿಮರಿಗೆ, ಕ್ರೈಸ್ತರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಬೇರೆ ಕಾನೂನುಗಳಿವೆ.

ಇಲ್ಲಿ ಎರಡು ದಾರಿ. ಒಬ್ಬರಿಗೆ ಮಾತ್ರ ವಿಚ್ಛೇದನ ಬೇಕಿದ್ರೆ 13ನೇ ಸೆಕ್ಷನ್. ಕ್ರೌರ್ಯ, ವ್ಯಭಿಚಾರ, 2 ವರ್ಷ ಸತತವಾಗಿ ಬಿಟ್ಟು ಹೋಗಿರುವುದು, ಮತಾಂತರ, ಗಂಭೀರ ಮಾನಸಿಕ ಕಾಯಿಲೆ, 7 ವರ್ಷ ಸುಳಿವೇ ಇಲ್ಲದಿರುವುದು ಇಂಥ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು. ಕ್ರೌರ್ಯ ಅಂದ್ರೆ ಹೊಡೆತ ಮಾತ್ರ ಅಲ್ಲ, ಮಾನಸಿಕ ಹಿಂಸೆಯೂ ಸೇರುತ್ತೆ. ‘ನಮಗೆ ಸರಿಹೋಗ್ತಿಲ್ಲ’ ಅನ್ನೋದಷ್ಟೇ ಈ ಪಟ್ಟಿಯಲ್ಲಿಲ್ಲ. ಮದುವೆ ಪೂರ್ತಿ ಮುರಿದುಬಿದ್ದಿದೆ ಅನ್ನೋ ಕಾರಣಕ್ಕೇ ಬಿಡುಗಡೆ ಕೊಡುವ ವಿಶೇಷ ಅಧಿಕಾರ ಇರೋದು ಸುಪ್ರೀಂ ಕೋರ್ಟ್‌ಗೆ ಮಾತ್ರ. 2023ರ ತೀರ್ಪು ಇದನ್ನ ಸ್ಪಷ್ಟಪಡಿಸಿದೆ.

ಇಬ್ಬರೂ ಒಪ್ಪಿದ್ರೆ 13ಬಿ. ಕನಿಷ್ಠ 1 ವರ್ಷ ಗಂಡ-ಹೆಂಡತಿಯಾಗಿ ಬಾಳದೆ ಬೇರೆಯಿರಬೇಕು. ಕೌಟುಂಬಿಕ ನ್ಯಾಯಾಲಯಕ್ಕೆ ಜಂಟಿ ಅರ್ಜಿ ಹಾಕಬೇಕು. ಮದುವೆಯಾದ ಊರು, ಕೊನೆಯದಾಗಿ ಒಟ್ಟಿಗಿದ್ದ ಊರು, ಇಲ್ಲಾಂದ್ರೆ ಎದುರು ಪಕ್ಷದವರು ಈಗಿರುವ ಊರು, ಎಲ್ಲಾದ್ರೂ ಹಾಕಬಹುದು. ಹೆಂಡತಿಯೇ ಅರ್ಜಿದಾರಳಾದ್ರೆ ತಾನಿರುವ ಊರಲ್ಲೂ ಹಾಕಬಹುದು. ಆಮೇಲೆ 6 ತಿಂಗಳು ಕಾಯಬೇಕು. ಅದು ಮುಗಿದ ಮೇಲೆ, 18 ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ‘ಹೌದು’ ಅನ್ನಬೇಕು. ಒಂದೂವರೆ ವರ್ಷದಿಂದ ಬೇರೆಯಿದ್ದು, ಜೀವನಾಂಶ, ಮಕ್ಕಳ ವಿಷಯ ಎಲ್ಲ ಇತ್ಯರ್ಥವಾಗಿ, ರಾಜಿ ಸಾಧ್ಯವೇ ಇಲ್ಲ ಅನ್ನಿಸಿದ್ರೆ ಆ 6 ತಿಂಗಳನ್ನ ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದ್ರೆ ಡಿಕ್ರಿ ಬರುವ ತನಕ ಯಾರು ಬೇಕಾದ್ರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಅಕ್ಕನಿಗೆ ಕಷ್ಟ ಆಗಿದ್ದು ಇಲ್ಲೇ. ನಾಲ್ಕು ವರ್ಷದ ಹಿಂದೆ ಸುಮ್ಮನೆ ಸಹಿ ಹಾಕುತ್ತಿದ್ದ ಭಾವ, ಹೊಸ ಸಂಬಂಧದ ಸುದ್ದಿ ಕೇಳಿ ದುಡ್ಡು ಕೇಳಿದ್ರು. ಅವರ ಒಂದು ಸಹಿಗೆ ಈಗ ಬೆಲೆ ಬಂದಿತ್ತು! ತಿಂಗಳುಗಟ್ಟಲೆ ಮಾತುಕತೆ ಆಗಿ ಕೊನೆಗೆ ಒಪ್ಪಿದ್ರು. ಡಿಕ್ರಿ ಸಿಕ್ತು. ಅಷ್ಟರಲ್ಲಿ ಆ ಸಂಬಂಧದವರು ಬೇರೆ ಕಡೆ ನೋಡ್ಕೊಂಡಿದ್ರು.

“ಹೋಗ್ಲಿ ಬಿಡೇ, ಈಗ ನನ್ ಹೆಸರಲ್ಲಿ ಏನೂ ಬಾಕಿ ಇಲ್ವಲ್ಲ” ಅಂದಳು ಅಕ್ಕ.

ನಿಮ್ಮ ಮನೆಯಲ್ಲೂ ಯಾರಾದ್ರೂ ಬೇರೆಯಾಗಿದ್ರೆ ಒಂದೇ ಪ್ರಶ್ನೆ ಕೇಳಿ: ಡಿಕ್ರಿ ಇದ್ಯಾ? ವಕೀಲರಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತೆ. ಸಹಾಯವಾಣಿ 15100.

ಮುಂದಿನ ವಾರ ಜೀವನಾಂಶದ ಲೆಕ್ಕ. ಅದು ನನ್ನ ಸಬ್ಜೆಕ್ಟು! ಸಿಗೋಣ.