ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ



ಕೊಲ್ಲಿ ರಾಷ್ಟ್ರಗಳಲ್ಲಿ ಇಪ್ಪತ್ತು ವರ್ಷ ದುಡಿದು ಮಂಗಳೂರಿಗೋ ಉಡುಪಿಗೋ ಮರಳುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಒಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡಿ, ಕುಳಿತು ಉಣ್ಣಬಹುದು. ಬಡ್ಡಿಯಿಂದ ದೂರವಿರಬಯಸುವವರಿಗೆ ಬಾಡಿಗೆಯ ವರಮಾನ ಸಹಜವಾಗಿಯೇ ಹಿತವೆನಿಸುತ್ತದೆ. ಅದು ಧರ್ಮಸಮ್ಮತ ಎಂಬುದರಲ್ಲಿ ಸಂದೇಹವೂ ಇಲ್ಲ. ಆದರೆ ಧರ್ಮಸಮ್ಮತವಾದುದೆಲ್ಲವೂ ಲಾಭದಾಯಕವಾಗಿರಬೇಕೆಂದಿಲ್ಲ.

ಇತ್ತೀಚೆಗೆ ಬಂಧುವೊಬ್ಬರ ಜೊತೆ ನಾವು ಫ್ಲ್ಯಾಟೊಂದನ್ನು ನೋಡಲು ಹೋಗಿದ್ದೆವು. ಬೆಲೆ 50 ಲಕ್ಷ. ತಿಂಗಳಿಗೆ 18,000 ಬಾಡಿಗೆ ಖಚಿತ ಎಂದು ಬ್ರೋಕರ್ ಹೇಳಿದರು. ಅದೇ ಕಟ್ಟಡದ ಕಾವಲುಗಾರನನ್ನೂ ಇಬ್ಬರು ಬಾಡಿಗೆದಾರರನ್ನೂ ವಿಚಾರಿಸಿದೆವು. ಯಾರೂ 14,000ಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಲೆಕ್ಕ ಹಾಕಿದೆವು. ವರ್ಷಕ್ಕೆ 1,68,000. ಬಾಡಿಗೆದಾರ ಬದಲಾಗುವಾಗ ಒಂದು ತಿಂಗಳು ಖಾಲಿ ಬಿದ್ದರೆ ಉಳಿಯುವುದು 1,54,000. ಮನೆ ತೆರಿಗೆ, ಕಟ್ಟಡದ ನಿರ್ವಹಣೆ, ಬಣ್ಣ, ನಲ್ಲಿ ರಿಪೇರಿಗೆ 34,000 ತೆಗೆದರೆ ಕೈಯಲ್ಲಿ 1,20,000. ಇತ್ತ ಖರೀದಿಯ ಖರ್ಚೂ 50 ಲಕ್ಷಕ್ಕೆ ನಿಲ್ಲುವುದಿಲ್ಲ. ಈ ಬೆಲೆಗೆ ಮುದ್ರಾಂಕ ಶುಲ್ಕ ಶೇಕಡಾ 5. ನೋಂದಣಿ ಶುಲ್ಕವನ್ನು ರಾಜ್ಯ ಸರಕಾರ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿಸಿದೆ. ಉಪಕರಗಳೂ ಸೇರಿ ಮೂರೂಮುಕ್ಕಾಲು ಲಕ್ಷದಷ್ಟು ಮೇಲೆ ಬೀಳುತ್ತದೆ. ಕೊನೆಗೆ ನೂರು ರೂಪಾಯಿಗೆ ವರ್ಷಕ್ಕೆ ದಕ್ಕುವುದು ಹೆಚ್ಚುಕಡಿಮೆ ಎರಡೂಕಾಲು ರೂಪಾಯಿ. ಅಂದರೆ ತಿಂಗಳಿಗೆ 10,000! ಆ ಬಂಧುವಿನ ಮನೆ ಖರ್ಚೇ 30,000. ಅವರು ತಮ್ಮ ಗಳಿಕೆಯೆಲ್ಲವನ್ನೂ ಅದರಲ್ಲಿ ಹಾಕಲು ಹೊರಟಿದ್ದರು.

"ಬೆಲೆ ಏರುತ್ತದಲ್ಲವೇ?" ಎಂದು ಅವರು ಕೇಳಿದರು. ಏರಬಹುದು. ಆದರೆ ಏರಿದ ಬೆಲೆ ಕೈಸೇರುವುದು ಮನೆ ಮಾರಿದ ದಿನ ಮಾತ್ರ. ಅಲ್ಲಿಯ ತನಕ ಅದರಿಂದ ಅಕ್ಕಿ ತರಲಾಗದು.

ಮನೆಯನ್ನು ಮಳೆಗಾಲದಲ್ಲೊಮ್ಮೆ, ಏಪ್ರಿಲ್‌-ಮೇನಲ್ಲೊಮ್ಮೆ ನೋಡುವುದು ಲೇಸು. ಗೋಡೆಯ ತೇವ ಜುಲೈಯಲ್ಲಿ ಕಾಣುತ್ತದೆ, ಬಾವಿಯ ಬುಡ ಮೇಯಲ್ಲಿ. ಟ್ಯಾಂಕರ್ ನೀರನ್ನು ನೆಚ್ಚಿದ ಮನೆಯಲ್ಲಿ ಬಾಡಿಗೆದಾರ ಬಹಳ ದಿನ ನಿಲ್ಲುವುದಿಲ್ಲ. ವಿದೇಶದಲ್ಲಿದ್ದುಕೊಂಡೇ ಬಾಡಿಗೆ ಪಡೆಯುವವರು ಇನ್ನೊಂದನ್ನು ತಿಳಿದಿರಬೇಕು: ಮಾಲಕ ಅನಿವಾಸಿಯಾಗಿದ್ದರೆ ಬಾಡಿಗೆದಾರನೇ ಆದಾಯ ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಬೇಕೆಂಬುದು ಕಾನೂನು. ಹೆಚ್ಚಿನವರಿಗೆ ಇದರ ಅರಿವೇ ಇಲ್ಲ.

ಇನ್ನು ಬಾಡಿಗೆದಾರರ ಆಯ್ಕೆ. ನಮ್ಮವರಿಗೆ ಮನೆ ಕೊಡುವುದಿಲ್ಲವೆಂದು ನಾವು ದೂರುತ್ತೇವೆ, ಆ ದೂರು ನಿಜವೂ ಹೌದು. ಆದರೆ ಮಾಲಕರಾದಾಗ ನಾವೇ ಊರು, ಭಾಷೆ, ಜಾತಿ ವಿಚಾರಿಸಿ ಬಾಗಿಲು ಮುಚ್ಚುತ್ತೇವಲ್ಲ? ಹಾಗೆ ಮುಚ್ಚಿದ ಬಾಗಿಲು ಲೆಕ್ಕದಲ್ಲಿ ಖಾಲಿ ತಿಂಗಳಾಗಿಯೇ ನಮೂದಾಗುತ್ತದೆ.

ದಾಖಲೆಗಳ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಇಸಿ ಎಂದು ಕರೆಯಲ್ಪಡುವ ಋಣಭಾರ ಪತ್ರ ಶುದ್ಧವಾಗಿದೆಯೆಂದು ನಿಶ್ಚಿಂತರಾಗುವವರಿದ್ದಾರೆ. ಅದರಲ್ಲಿ ಬರುವುದು ನೋಂದಾಯಿತ ವ್ಯವಹಾರಗಳು ಮಾತ್ರ. ಬೆಂಗಳೂರು, ಮೈಸೂರಿನ ಕಡೆ ಲಕ್ಷಗಟ್ಟಲೆ ಹಣ ಪಡೆದು ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಡುವ ಭೋಗ್ಯದ ಪದ್ಧತಿಯಿದೆ. ಅದರ ಕರಾರನ್ನು ನೋಂದಾಯಿಸದೆ ಬಿಡುವವರು ಬಹಳ. ಒಳಗಿದ್ದಾತ ತನ್ನ ಹಣ ಕೈಸೇರದೆ ಹೊರಬರಲಾರ. ಬಾಡಿಗೆಗೆಂದು ಕೊಂಡ ಮನೆಯಿಂದ ಮೊದಲ ದಿನವೇ ಬಾಡಿಗೆಯ ಬದಲು ಸಾಲ ಎದುರಾಗುತ್ತದೆ. ಆದ್ದರಿಂದ ಮಾಲಕನನ್ನಲ್ಲ, ಮನೆಯೊಳಗಿರುವವರನ್ನು ಕೇಳಬೇಕು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 129ನೇ ಕಲಮಿನಲ್ಲಿ ಮುಸ್ಲಿಮರ ಹಿಬಾಕ್ಕೆ ವಿನಾಯಿತಿಯಿದೆ. ಬಾಯಿಮಾತಿನ ದಾನವೂ ಸ್ವಾಧೀನ ಕೊಟ್ಟಿದ್ದರೆ ಊರ್ಜಿತವಾಗಬಹುದು. ಅದು ಇಸಿಯಲ್ಲಿ ಕಾಣದು. ತಂದೆ ತೀರಿದೊಡನೆ ಹೆಣ್ಣುಮಕ್ಕಳ ಪಾಲು ಅವರದಾಗುತ್ತದೆ. ಖಾತೆಯಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇದ್ದರೂ ಆ ಪಾಲನ್ನು ಮಾರುವ ಹಕ್ಕು ಸಹೋದರರಿಗಿಲ್ಲ.

ಆ ಬಂಧು ಫ್ಲ್ಯಾಟ್ ಬಿಟ್ಟು, ಮಹಡಿಯ ಮೇಲೊಂದು, ಕೆಳಗೊಂದು ಬಾಡಿಗೆಯಿದ್ದ ಹಳೆಯ ಮನೆಯೊಂದನ್ನು ನೋಡಿದರು. ಲೆಕ್ಕ ಚೆನ್ನಾಗಿ ಕೂಡಿಬಂದಿತ್ತು. ಮಾರುತ್ತಿದ್ದವರು ಮೂವರು ಸಹೋದರರು. ಒಬ್ಬ ಸಹೋದರಿಯೂ ಇದ್ದಾರೆಂದು ತಿಳಿದು ಅವರ ಒಪ್ಪಿಗೆ ಕೇಳಲು ಬಂಟ್ವಾಳಕ್ಕೆ ಹೋದೆವು. ಮನೆ ಮಾರಾಟಕ್ಕಿರುವ ಸಂಗತಿ ಆಕೆಗೆ ತಿಳಿದದ್ದೇ ನಮ್ಮಿಂದ.