ದಣಿವು ಬೇರೆ, ಕಾವು ಬೇರೆ



ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಂಥ ಊರುಗಳಿಗೆ ಮೈ ಕಾಯಿಸುವುದೆಂದರೆ ಏನೆಂದು ಹೊಸದಾಗಿ ಹೇಳಬೇಕಿಲ್ಲ. ಗರಡಿಮನೆಯ ಹುಡುಗ ಬಸ್ಕಿ, ದಂಡ ಹೊಡೆಯದೆ ಕುಸ್ತಿಗೆ ಇಳಿಯುವುದಿಲ್ಲ. ಆದರೆ ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಆ ತಿಳಿವಳಿಕೆ ಅವರಿಗೆ ತಡವಾಗಿ, ವಾಲಿಬಾಲ್‌ನಂಥ ಆಟಗಳ ದಾರಿಯಲ್ಲಿ ಬಂತು.

ವಾಲಿಬಾಲ್ ಹುಟ್ಟಿದಾಗ ಅದು ಮೆತ್ತನೆಯ ಆಟ. 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ಅದನ್ನು ಕಟ್ಟಿದ್ದು, ಬಾಸ್ಕೆಟ್‌ಬಾಲ್‌ನ ಓಟ ತಾಳಲಾರದ ನಡುವಯಸ್ಸಿನವರಿಗಾಗಿ. ನಮ್ಮ ದೇಶಕ್ಕೂ ವೈ.ಎಂ.ಸಿ.ಎ.ಯೇ ಅದನ್ನು ತಂದಿತು. 1920ರಲ್ಲಿ ಹ್ಯಾರಿ ಬಕ್ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. 1951ರಲ್ಲಿ ಭಾರತೀಯ ವಾಲಿಬಾಲ್ ಫೆಡರೇಷನ್ ಹುಟ್ಟಿತು.

ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1952ರಲ್ಲಿ, ಮಾಸ್ಕೋದಲ್ಲಿ. ಹನ್ನೆರಡು ವರ್ಷಗಳ ನಂತರ, 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಪಾನಿನ ಹೆಣ್ಣುಮಕ್ಕಳು ಸೋವಿಯತ್ ತಂಡವನ್ನು ಸೋಲಿಸಿ ಚಿನ್ನ ಗೆದ್ದರು. ಅವರಲ್ಲಿ ಹೆಚ್ಚಿನವರು ನಿಚಿಬೋ ಎಂಬ ನೂಲಿನ ಗಿರಣಿಯ ನೌಕರರು. ಹಗಲು ಗಿರಣಿಯ ಕೆಲಸ, ಆಮೇಲೆ ಕೋಚ್ ಹಿರೋಬುಮಿ ದೈಮಾತ್ಸು ಅವರ ಕೈಕೆಳಗೆ ನಡುರಾತ್ರಿಯವರೆಗೂ ಅಭ್ಯಾಸ. ನೆಲಕ್ಕೆ ಬೀಳುವ ಚೆಂಡಿಗೆ ಹಾರಿ, ಉರುಳಿ, ಅದೇ ವೇಗದಲ್ಲಿ ಎದ್ದು ನಿಲ್ಲುವುದನ್ನು ಅವರು ಜಗತ್ತಿಗೆ ತೋರಿಸಿದರು. ಮೆತ್ತನೆಯ ಆಟ ಅಲ್ಲಿಗೆ ಮುಗಿಯಿತು.

ಮಹಿಳೆಯರ ನೆಟ್‌ನ ಎತ್ತರ 2.24 ಮೀಟರ್. ಐದೂಕಾಲು ಅಡಿಯ ಹುಡುಗಿ ನಿಂತಲ್ಲಿಂದ ಕೈಯೆತ್ತಿದರೆ ಅದರ ಮೇಲಂಚು ಸಿಗುವುದಿಲ್ಲ. ಪ್ರತಿ ಸ್ಮ್ಯಾಶಿಗೂ ಪ್ರತಿ ಬ್ಲಾಕಿಗೂ ಜಿಗಿಯಬೇಕು, ಜಿಗಿದಷ್ಟು ಸಲ ಇಳಿಯಬೇಕು. ಪೆಟ್ಟಾಗುವುದು ಹೆಚ್ಚಾಗಿ ಇಳಿಯುವಾಗಲೇ. ನೆಟ್ ಕೆಳಗೆ ಇನ್ನೊಬ್ಬರ ಪಾದದ ಮೇಲೆ ಕಾಲಿಟ್ಟರೆ ಕಣಕಾಲಿನ ಗಂಟು ಉಳುಕುತ್ತದೆ. ಮೊಣಕಾಲು ಒಳಕ್ಕೆ ವಾಲಿದರೆ ಅದರೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿಯಬಹುದು. ಮೊಣಕಾಲಿನ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೇ ಹೆಚ್ಚು.

ಅದಕ್ಕೇ ಆಟಕ್ಕೆ ಮೊದಲು ಮೈ ಕಾಯಿಸಬೇಕು. ಅದಕ್ಕೆ ನಿಯಮ ಕೊಡುವ ಹೊತ್ತು ನೋಡಿ. ಮೊದಲೇ ಬೇರೆ ಅಂಗಳದಲ್ಲಿ ಅಭ್ಯಾಸ ಮಾಡಿ ಬಂದ ತಂಡಗಳಿಗೆ ಪಂದ್ಯಕ್ಕೆ ಮುನ್ನ ನೆಟ್ ಬಳಿ ಒಟ್ಟಾಗಿ 6 ನಿಮಿಷ, ಇಲ್ಲದಿದ್ದರೆ 10 ನಿಮಿಷ. ಬೇರೆಬೇರೆಯಾಗಿ ಕೇಳಿದರೆ ತಲಾ 3 ಅಥವಾ 5 ನಿಮಿಷ. ಮೂರು ನಿಮಿಷದಲ್ಲಿ ಐದು ಸೆಕೆಂಡಿಗೊಂದು ಸ್ಮ್ಯಾಶ್ ಬಿದ್ದರೂ 36. ತಂಡದ ಹನ್ನೆರಡು ಮಂದಿಗೆ ಹಂಚಿದರೆ ತಲೆಗೆ ಮೂರೇ ಮೂರು. ಮೂರು ಜಿಗಿತಕ್ಕೆ ಮೈ ಕಾಯುವುದಿಲ್ಲ. ಕಾದ ಮೈಯೊಂದಿಗೇ ನೆಟ್‌ಗೆ ಬರಬೇಕು.

ಹೇಗೆ ಕಾಯಿಸಬೇಕು ಎಂಬ ತಿಳಿವಳಿಕೆಯೂ ಬದಲಾಗಿದೆ. ಹಿಂದೆ ಸಾಲಾಗಿ ನಿಂತು, ಕಾಲು ಎಳೆದು ಹಿಡಿದು ಎಣಿಸುತ್ತಿದ್ದರು. ಬಹಳ ಹೊತ್ತು ಹಾಗೆ ಎಳೆದು ಹಿಡಿದರೆ ಆಮೇಲಿನ ಜಿಗಿತ ತುಸು ತಗ್ಗುತ್ತದೆ ಎಂದು ಈಗ ಗೊತ್ತಾಗಿದೆ. ಅದಕ್ಕೇ ಹಗುರ ಓಟ, ಅಡ್ಡಹೆಜ್ಜೆ, ತೋಳು ತಿರುಗಿಸುವುದು, ಜೋಡಿಯಾಗಿ ಚೆಂಡು ಆಡುವುದು, ಚಿಕ್ಕ ಜಿಗಿತ, ಕೊನೆಗೆ ಪೂರ್ತಿ ಜಿಗಿತ. ಕಾಯಿಸಿದರಷ್ಟೇ ಸಾಲದು, ಇಳಿಯುವುದನ್ನೂ ಕಲಿಯಬೇಕು. ನಾರ್ವೆಯಲ್ಲಿ ರೋಲ್ಡ್ ಬಾರ್ ಮತ್ತು ಸಂಗಡಿಗರು ವಾಲಿಬಾಲ್ ಆಟಗಾರರಿಗೆ ಜಿಗಿಯುವುದನ್ನೂ ಇಳಿಯುವುದನ್ನೂ ಕ್ರಮವಾಗಿ ಕಲಿಸಿದಾಗ ಉಳುಕು ಸುಮಾರು ಅರ್ಧಕ್ಕಿಳಿಯಿತು. ಆ ವರದಿ ಬಂದದ್ದು 1997ರಲ್ಲಿ.

ಈಗ ನಮ್ಮ ಅಂಗಳಕ್ಕೆ ಬನ್ನಿ. ನಮ್ಮದು ಎರೆನೆಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಕಾಲಿಗಂಟುತ್ತದೆ. ಇಲ್ಲಿಯ ಹುಡುಗಿ ನೀರು ತಂದು, ರೊಟ್ಟಿ ಬಡಿದು, ಹೊಲದ ಕೆಲಸ ಮುಗಿಸಿ ಆಟಕ್ಕೆ ಬರುತ್ತಾಳೆ. "ಮುಂಜಾನಿಂದ ದುಡದಾಳ, ಆಕಿಗ್ಯಾಕ ಮತ್ತ ಕಸರತ್ತು?" ಎನ್ನುತ್ತೇವೆ. ದಣಿವು ಬೇರೆ, ಕಾವು ಬೇರೆ. ದಣಿದ ಕಾಲು ನೆಲಕ್ಕೆ ಸರಿಯಾಗಿ ಇಳಿಯುವುದಿಲ್ಲ. ಕಾದ ಕಾಲು ಇಳಿಯುತ್ತದೆ.

ತಾಯಂದಿರೇ, ಪಂದ್ಯದ ದಿನವಾದರೂ ಮಗಳನ್ನು ಒಂದು ತಾಸು ಮೊದಲೇ ಬಿಡಿ. ಪಿ.ಟಿ. ಮಾಸ್ತರರೇ, ಅಂಗಳಕ್ಕೆ ಗರಸು ಹಾಕಿಸಿ, ಬಿರುಕು ಮುಚ್ಚಿಸಿ, ಚೆಂಡು ಕೊಡುವ ಮೊದಲು ಇಳಿಯುವುದನ್ನು ಕಲಿಸಿ. ಗರಡಿಯಲ್ಲಿ ಮಗನಿಗೆ ಕೊಟ್ಟ ಆ ಹೊತ್ತನ್ನು ಮಗಳಿಗೂ ಕೊಡೋಣ.